‘ಮೆಸ್ಸಿ’ ಎಂಬ ಚೀಟಿ ಮತ್ತು ಮನೆ ನೋಡಲು ಬಂದವರು

ಅಸ್ತವ್ಯಸ್ತ ಮನುಷ್ಯನ ಪರವಾಗಿ ಮಾತಾಡಲು ಈ ಲೋಕದಲ್ಲಿ ಯಾರೂ ಮುಂದೆ ಬರುವುದಿಲ್ಲ. ಸೋಮಾರಿಯನ್ನು ಕಂಡರೆ ‘ಪಾಪ, ಅವನ ಮೈಯೇ ಅಂಥದ್ದು’ ಎನ್ನುವವರಿದ್ದಾರೆ. ಮುಂಗೋಪಿಗೆ ‘ಬಾಯಿ ಜೋರು, ಮನಸ್ಸು ಬೆಣ್ಣೆ’ ಎಂಬ ಪ್ರಮಾಣಪತ್ರ ಸಿಗುತ್ತದೆ. ಆದರೆ ಟವೆಲನ್ನು ಕುರ್ಚಿಯ ಮೇಲೆ ಹಾಕಿ, ಕನ್ನಡಕವನ್ನು ಟವೆಲಿನ ಒಳಗೆ ಬಿಟ್ಟು, ಹತ್ತು ನಿಮಿಷದ ಮೇಲೆ ಅದೇ ಕುರ್ಚಿಯ ಮೇಲೆ ಕೂತು ಏಳುವವನನ್ನು ಯಾರೂ ಕ್ಷಮಿಸುವುದಿಲ್ಲ. ಹೀಗೆ ನಾನು ಮೂರು ಕನ್ನಡಕಗಳ ಮೇಲೆ ಕೂತಿದ್ದೇನೆ. ಮೂರನೆಯದು ಮುರಿದಾಗ ನನ್ನ ಹೆಂಡತಿ ಶಾರದೆ ಏನೂ ಬೈಯಲಿಲ್ಲ. ‘ಕನ್ನಡಕ ಹುಡುಕಕ್ಕೆ ಇನ್ನೊಂದು ಕನ್ನಡಕ ಕೊಡಿಸ್ಬೇಕು ಇವರಿಗೆ’ ಎಂದು ಗೋಡೆಯ ಕಡೆ ನೋಡಿಕೊಂಡು ಹೇಳಿದಳು. ಮದುವೆಯಾಗಿ ಮೂವತ್ತೈದು ವರ್ಷವಾದ ಮೇಲೆ ಹೆಂಡತಿ ಗೋಡೆಗೆ ಹೇಳಿದ್ದನ್ನೆಲ್ಲ ಗಂಡ ತನಗೇ ಹೇಳಿದ್ದೆಂದು ತಿಳಿಯಬೇಕಾಗುತ್ತದೆ.

ನಾನು ದೊಡ್ಡಬೆಳವಂಗಲದ ಕಡೆಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವನು. ದಿನಾ ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ದಿನ ತರಗತಿಯಲ್ಲಿ ‘ಮೆಸ್ಸಿ’ ಎಂಬ ವಿಶೇಷಣ ಬಂತು. ಅರ್ಥ ‘ಅಸ್ತವ್ಯಸ್ತ’ ಎಂದು ಬೋರ್ಡಿನ ಮೇಲೆ ಗಂಭೀರವಾಗಿ ಬರೆದೆ. ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು ನಿಂತು, ‘ಸಾರ್, ಅಸ್ತವ್ಯಸ್ತ ಅಂದ್ರೆ ಏನು ಸಾರ್?’ ಎಂದಳು. ಇಡೀ ತರಗತಿ ನನ್ನ ಮುಖ ನೋಡಿತು. ನಾನು ನನ್ನ ಮೇಜನ್ನು ತೋರಿಸಿದೆ. ‘ಓಹೋ’ ಎಂದು ನಲವತ್ತು ಮಕ್ಕಳು ಒಟ್ಟಿಗೆ ಹೇಳಿದರು. ನನ್ನ ಇಡೀ ಉದ್ಯೋಗ ಜೀವನದಲ್ಲಿ ಒಂದು ಪದ ಅಷ್ಟು ಚೆನ್ನಾಗಿ ಮಕ್ಕಳಿಗೆ ಹತ್ತಿದ್ದು ಅದೊಂದೇ ಸಲ.

ಆ ದಿನವೇ ಒಂದು ಸಂಕಲ್ಪ ಮಾಡಿದೆ. ನಿವೃತ್ತಿಯಾದ ಮೇಲೆ ಹಳ್ಳಿ ಮಕ್ಕಳಿಗಾಗಿ ಒಂದು ಪದಗಳ ಪುಸ್ತಕ ಬರೆಯಬೇಕು; ಇಂಗ್ಲಿಷ್ ಪದಕ್ಕೆ ಮನೆಯಲ್ಲಿ ಆಡುವ ಕನ್ನಡದಲ್ಲಿ ಅರ್ಥ ಕೊಡಬೇಕು, ಯಾವ ಯಾವ ಕಡೆ ಹೇಗೆ ಬಳಸುತ್ತಾರೆಂದು ಹೇಳಬೇಕು. ನಿವೃತ್ತಿಯೂ ಆಯಿತು, ಕೆಲಸವೂ ಶುರುವಾಯಿತು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಅವುಗಳ ಬೆನ್ನಿನ ಮೇಲೆ ಒಂದೊಂದು ಪದ ಬರೆಯುತ್ತಾ ಬಂದೆ. ಮೊದಲ ವರ್ಷ ಅರ್ಧ ಅಕ್ಷರಮಾಲೆಯನ್ನು ಒಂದೇ ಉಸಿರಿಗೆ ದಾಟಿದೆ. ಆಮೇಲೆ ‘ಮೆಸ್ಸಿ’ಗೆ ಬಂದು ನಿಂತೆ. ನಿಂತು ಐದು ವರ್ಷವಾಯಿತು. ಯಾರಾದರೂ ಕೇಳಿದರೆ ‘ಆ ಪದದ ಮೇಲೆ ಇನ್ನೂ ಯೋಚನೆ ಮಾಡ್ತಾ ಇದೀನಿ’ ಎನ್ನುತ್ತೇನೆ. ಚೀಟಿಗಳು ಮೇಜಿನ ಮೇಲೆ, ಮಂಚದ ಮೇಲೆ, ಕಿಟಕಿಯಲ್ಲಿ, ಒಂದಷ್ಟು ನನ್ನ ಹಳೆಯ ಚಪ್ಪಲಿಯ ಡಬ್ಬಿಯಲ್ಲಿ ಹರಡಿಕೊಂಡಿವೆ. ಇದನ್ನು ನಾನು ‘ನಡೆಯುತ್ತಿರುವ ಕೆಲಸ’ ಎಂದು ಕರೆಯುತ್ತಿದ್ದೆ.

ಯೋಚನೆಗೆ ಕಾರಣವಿರಲಿಲ್ಲವೆಂದಲ್ಲ. ನನ್ನ ಮಗಳು ರಶ್ಮಿ ದೇವನಹಳ್ಳಿಯ ವಿಮಾನ ನಿಲ್ದಾಣದ ಹತ್ತಿರ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಬಾಯಲ್ಲಿ ಈ ಒಂದು ಪದ ದಿನಕ್ಕೆ ಹತ್ತು ವೇಷ ಹಾಕುತ್ತದೆ. ನನ್ನ ಕೋಣೆ ಮೆಸ್ಸಿ; ಅಲ್ಲಿ ಅದು ಬೈಗುಳ. ಅವಳ ಗೆಳತಿಯ ಗಂಡ ಹೆಂಡಿರ ಜಗಳ ಕೋರ್ಟಿಗೆ ಹೋಗಿ ಮೆಸ್ಸಿ ಆಯಿತು. ಅಲ್ಲಿ ಅದು ಬಿಡಿಸಲಾಗದ ಗೋಜಲು. ಬಸ್ ಸ್ಟ್ಯಾಂಡಿನ ಮಸಾಲೆ ಪುರಿ ಮೆಸ್ಸಿ, ಅಂದರೆ ಮೊಣಕೈವರೆಗೆ ಸೋರುತ್ತದೆ, ಆದ್ದರಿಂದ ಇನ್ನೊಂದು ಪ್ಲೇಟ್ ಬೇಕು. ಇಷ್ಟಕ್ಕೇ ನಿಂತಿದ್ದರೆ ಚೀಟಿ ತುಂಬಿ ಮುಂದಿನ ಪದಕ್ಕೆ ಹೋಗುತ್ತಿದ್ದೆ. ಆದರೆ ಒಂದು ಭಾನುವಾರ ಅವಳು ನಲ್ಲೂರಿನ ಹುಣಸೆ ತೋಪಿಗೆ ಗೆಳತಿಯರ ಜೊತೆ ಫೋಟೋ ತೆಗೆಸಿಕೊಳ್ಳಲು ಹೊರಟಳು. ಕನ್ನಡಿಯ ಮುಂದೆ ಮುಕ್ಕಾಲು ಗಂಟೆ ನಿಂತು, ಎಂಟು ಪಿನ್ನು ಚುಚ್ಚಿ, ಆಗತಾನೇ ಮಲಗೆದ್ದವಳ ಹಾಗೆ ತಲೆ ಕೆದರಿಕೊಂಡಳು. ‘ಬಾಚ್ಕೊಂಡು ಹೋಗಮ್ಮ’ ಎಂದೆ. ‘ಅಪ್ಪಾ, ಬಾಚಿರೋದೇ ಇದು. ಇದಕ್ಕೆ ಮೆಸ್ಸಿ ಬನ್ ಅಂತಾರೆ’ ಎಂದಳು. ನಾನು ಚೀಟಿಯನ್ನು ಕೆಳಗಿಟ್ಟೆ. ಇಷ್ಟು ಕಷ್ಟಪಟ್ಟು ಸಂಪಾದಿಸಬೇಕಾದ ಅಸ್ತವ್ಯಸ್ತತೆ ನನಗೆ ಹುಟ್ಟಿನಿಂದಲೇ ಬಂದಿರುವಾಗ ನನ್ನನ್ನೇಕೆ ಯಾರೂ ಫೋಟೋ ತೆಗೆಯುವುದಿಲ್ಲ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಇನ್ನು ನನ್ನ ಮಗ ಮಂಜುನಾಥನ ವಿಷಯ. ನಮ್ಮದು ನೇಯ್ಗೆಯವರ ಮನೆ. ನಮ್ಮಪ್ಪ ಮಗ್ಗದ ಮೇಲೇ ಬದುಕು ಸವೆಸಿ, ‘ನೀನಾದ್ರೂ ಈ ಸದ್ದಿನಿಂದ ಆಚೆ ಹೋಗ್ಲಾ’ ಎಂದು ನನ್ನನ್ನು ಓದಿಸಿದರು. ನಾನು ಆಚೆ ಹೋದೆ. ನನ್ನ ಮಗ ಪಿಯುಸಿಯಲ್ಲಿ ಫೇಲಾಗಿ ವಾಪಸು ಒಳಗೆ ಬಂದ. ಯಾವ ವಿಷಯದಲ್ಲಿ ಫೇಲಾದ ಎಂದು ನೀವು ಕೇಳುವುದಿಲ್ಲವೆಂದು ನಂಬಿದ್ದೇನೆ. ಇಂಗ್ಲಿಷಿನಲ್ಲಿ. ಊರಿನ ಮಕ್ಕಳಿಗೆಲ್ಲ ಪಾಠ ಹೇಳಿ ಮನೆಗೆ ಬಂದಾಗ ನನ್ನ ಗಂಟಲು ಒಣಗಿರುತ್ತಿತ್ತು, ಅವನ ಪುಸ್ತಕ ಯಾವತ್ತೂ ತೆಗೆದು ನೋಡಲಿಲ್ಲ. ಅವನು ನನ್ನನ್ನು ಒಂದು ಮಾತೂ ಅನ್ನದೆ ತಾತನ ಶೆಡ್ಡಿಗೆ ಹೋಗಿ ಮಗ್ಗ ಹಿಡಿದ. ಈಗ ಮನೆಯ ಪಕ್ಕದಲ್ಲೇ ನಾಲ್ಕು ಪವರ್‌ಲೂಮ್ ನಡೆಸುತ್ತಾನೆ, ಬೆಳಗಿಂದ ಸಂಜೆವರೆಗೆ ಸೀರೆ ನೇಯುತ್ತಾನೆ, ಮಾತು ಕಡಿಮೆ. ಮೂವತ್ತೆರಡು ವರ್ಷ. ಮದುವೆ ಮಾತ್ರ ಕೂಡಿ ಬಂದಿರಲಿಲ್ಲ.

ನಮ್ಮ ಕಡೆ ಹೆಣ್ಣಿನವರು ಹುಡುಗನನ್ನು ಒಪ್ಪಿದರೂ, ಒಂದು ಸಲ ‘ಮನೆ ನೋಡಲು’ ಬರುತ್ತಾರೆ. ಮನೆ ನೋಡುವುದೆಂದರೆ ಗೋಡೆ, ಬಾಗಿಲು ನೋಡುವುದಲ್ಲ; ಈ ಮನೆಯಲ್ಲಿ ನಮ್ಮ ಹುಡುಗಿ ಹೇಗೆ ಬದುಕುತ್ತಾಳೆಂದು ಕಣ್ಣಲ್ಲೇ ಅಳೆದುಕೊಂಡು ಹೋಗುವುದು. ಮೂರು ಕಡೆಯವರು ಬಂದು ಅಳೆದುಕೊಂಡು ಹೋಗಿದ್ದರು. ಮೂವರೂ ‘ಮನೇಲಿ ಮಾತಾಡಿ ಫೋನ್ ಮಾಡ್ತೀವಿ’ ಎಂದು ಹೇಳಿ ಹೋದವರು ಫೋನ್ ಮಾಡಲಿಲ್ಲ. ಪ್ರತಿ ಸಲವೂ ಅವರು ಎದ್ದ ತಕ್ಷಣ ಮಂಜು ತಾನೇ ಕಾಫಿ ಲೋಟಗಳನ್ನು ಒಂದರೊಳಗೊಂದು ಸೇರಿಸಿ ಒಳಗೆ ತೆಗೆದುಕೊಂಡು ಹೋಗುತ್ತಿದ್ದ. ಆ ಲೋಟಗಳ ಸದ್ದು ನನಗೆ ನಾಲ್ಕು ಮಗ್ಗದ ಸದ್ದಿಗಿಂತ ಜೋರಾಗಿ ಕೇಳುತ್ತಿತ್ತು.

ನಾಲ್ಕನೆಯ ಸಂಬಂಧ ದೇವನಹಳ್ಳಿ ಹತ್ತಿರದ ವಿಜಯಪುರದ್ದು. ಹುಡುಗಿ ಪವಿತ್ರ, ಮನೆಯಲ್ಲೇ ಸೀರೆಗಳಿಗೆ ಕುಚ್ಚು ಕಟ್ಟುವ ಕೆಲಸ ಮಾಡುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ಭಾನುವಾರ ಅವಳ ತಂದೆ ಶಿವಣ್ಣ, ಅಜ್ಜಿ ಚೌಡಮ್ಮ ಮನೆ ನೋಡಲು ಬರುತ್ತೇವೆಂದರು. ಆ ಸುದ್ದಿ ಬಂದ ಸಂಜೆ ರಶ್ಮಿ ತೀರ್ಪು ಕೊಟ್ಟಳು: ‘ಮೂರು ಸಲ ಯಾಕೆ ಹೋಯ್ತು ಗೊತ್ತಾ? ಮನೆ ಮೆಸ್ಸಿ. ಎಲ್ಲಿ ನೋಡಿದ್ರೂ ದಾರ, ಎಣ್ಣೆ, ಅಪ್ಪನ ಚೀಟಿ.’ ಎಣ್ಣೆಯ ಪಕ್ಕದಲ್ಲಿ ನನ್ನ ಸಾಹಿತ್ಯವನ್ನು ಸೇರಿಸಿದ್ದು ನನಗೆ ನೋವಾಯಿತು. ಆದರೆ ಮಂಜು ತಲೆ ತಗ್ಗಿಸಿ ಕೂತಿದ್ದ.

ಸ್ವಚ್ಛತೆಯ ಮಹಾಯಜ್ಞ ನಾಲ್ಕು ದಿನ ನಡೆಯಿತು. ಮಂಜು ಒಪ್ಪಿಕೊಂಡಿದ್ದ ಸೀರೆಗಳನ್ನು ಶುಕ್ರವಾರಕ್ಕೇ ನೇಯ್ದು ಮುಗಿಸಿ, ಹೊಸ ಹಾಸುನೂಲನ್ನು ಮಗ್ಗಕ್ಕೆ ಏರಿಸದೆ ಹಾಗೇ ಬಿಟ್ಟ. ಶಾರದೆ ಶೆಡ್ಡಿನ ನೆಲಕ್ಕೆ ಸೋಪಿನ ಪುಡಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದಳು. ನಮ್ಮಪ್ಪನ ಕಾಲದ ಎಣ್ಣೆ ಕಲೆಗಳೂ ಅವತ್ತು ಜಾಗ ಬಿಟ್ಟುಕೊಟ್ಟವು. ಮಗ್ಗಗಳನ್ನು ಒರೆಸಿ, ಅವುಗಳ ಮೇಲೆ ಹೂವಿನ ಚಿತ್ರದ ಹೊಸ ಬೆಡ್‌ಶೀಟು ಹೊದಿಸಿ, ಶೆಡ್ಡಿನ ಬಾಗಿಲಿಗೆ ರಂಗೋಲಿ ಹಾಕಿದರು. ಲಾಳಿಗಳು, ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ, ಹೊಸ ಹಾಸಿನ ಉರುಳೆಗಳು, ತುಂಡು ದಾರ ತುಂಬಿದ ಎರಡು ಗೋಣಿಚೀಲ, ಎಣ್ಣೆಯ ಡಬ್ಬ, ಇವನ್ನೆಲ್ಲ ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ಮನೆಯವರೆಲ್ಲ ಒಮ್ಮತದಿಂದ ನನ್ನ ಕೋಣೆಯತ್ತ ನೋಡಿದರು. ‘ಹೆಂಗೂ ಕೆಟ್ಟಿರೋ ರೂಮಲ್ವಾ’ ಎಂದಳು ಶಾರದೆ, ಗೋಡೆಗೆ. ಎಲ್ಲವನ್ನೂ ಅಲ್ಲಿಗೆ ತುರುಕಿ, ಬಾಗಿಲು ಎಳೆದು ಬೀಗ ಹಾಕಿ, ಅದರ ಮುಂದೆ ಒಂದು ಕ್ರೋಟನ್ ಗಿಡದ ಕುಂಡ ಇಟ್ಟರು. ಬೀಗದ ಕೈ ನನ್ನ ಇಸ್ತ್ರಿ ಶರ್ಟಿನ ಜೇಬಿಗೆ ಬಂತು. ಜೊತೆಗೆ ರಶ್ಮಿಯ ಒಂದು ಆಜ್ಞೆಯೂ: ‘ಅಪ್ಪಾ, ನೀವು ಇಂಗ್ಲಿಷ್ ಮೇಷ್ಟ್ರು ಅಂತ ನಾವೇ ಹೇಳ್ತೀವಿ. ನೀವು ಮಾತಾಡ್ಬೇಡಿ.’

ಭಾನುವಾರ ಹನ್ನೊಂದು ಗಂಟೆಗೆ ಅವರು ಬಂದರು. ಶಿವಣ್ಣ ಸ್ಕೂಲ್ ವ್ಯಾನ್ ಓಡಿಸುವವರು. ಮೊದಲು ಅವರ ಮನೆಯಲ್ಲೂ ಮಗ್ಗವಿತ್ತಂತೆ, ಈಗಿಲ್ಲ. ಚೌಡಮ್ಮ ಎಂಬತ್ತರ ಹತ್ತಿರದ ಮುದುಕಿ, ಬೆನ್ನು ಬಾಗಿದೆ, ಕಣ್ಣು ಬಾಗಿಲ್ಲ. ಬಾಗಿಲಲ್ಲೇ ನಿಂತು ಒಂದು ಸಲ ಮೂಗು ಅರಳಿಸಿ ಗಾಳಿಯನ್ನು ಮೂಸಿದರು. ಮನೆಯಲ್ಲೆಲ್ಲ ನಿಂಬೆಹಣ್ಣಿನ ಪರಿಮಳದ ಫಿನಾಯಿಲು. ಶಾರದೆ ಹೆಮ್ಮೆಯಿಂದ ನಕ್ಕಳು. ಮುದುಕಿ ನಗಲಿಲ್ಲ. ನೇರವಾಗಿ ಶೆಡ್ಡಿಗೆ ಹೋಗಿ, ಗೋಡೆಯ ಮೇಲೆ ಬೆರಳು ಸವರಿ ನೋಡಿ, ಬೆಡ್‌ಶೀಟಿನ ಒಂದು ತುದಿ ಎತ್ತಿದರು. ಬರಿ ಮಗ್ಗ, ಹಳೆಯ ಹಾಸಿನ ತುದಿಗಳು ಮಾತ್ರ ನೇತಾಡುತ್ತಿದ್ದವು. ಅವು ಮೊನ್ನೆಯವೋ ಹೋದ ವರ್ಷದವೋ ಯಾರು ಹೇಳಬೇಕು?

‘ಮಗ್ಗ ನಿಂತು ಎಷ್ಟು ದಿನ ಆಯ್ತಪ್ಪಾ?’ ಎಂದು ಮಂಜುವನ್ನು ಕೇಳಿದರು.

‘ಇಲ್ಲ ಅಜ್ಜಿ, ಓಡ್ತಾ ಇದೆ’ ಎಂದ ಮಂಜು.

‘ಓಡೋ ಮಗ್ಗ ಹಿಂಗಿರುತ್ತೇನಪ್ಪಾ?’

ಇಲ್ಲಿ ಶಾರದೆ ಸಹಾಯಕ್ಕೆ ಧಾವಿಸಿದಳು. ‘ನಮ್ಮನೇಲಿ ಯಾವಾಗ್ಲೂ ಹಿಂಗೇ ಅಮ್ಮ. ಒಂದು ಚೂರು ದಾರ ಬಿದ್ರೂ ನಮಗಾಗಲ್ಲ!’ ರಶ್ಮಿಯೂ ‘ಹೌದೌದು’ ಎಂದಳು. ಆ ಎರಡು ಮಾತಿನಿಂದ ನಮ್ಮ ಕೆಲಸ ಪೂರ್ತಿ ಕೆಟ್ಟಿತು. ಶಿವಣ್ಣ ತಾಯಿಯ ಮುಖ ನೋಡಿದರು. ಆ ನೋಟದಲ್ಲಿ ಏನಿತ್ತೆಂದು ನೇಯ್ಗೆಯವರ ಮನೆಯಲ್ಲಿ ಹುಟ್ಟಿದ ನನಗೆ ತಡವಾಗಿ ಹೊಳೆಯಿತು. ಈಚೆಗೆ ಎಷ್ಟೋ ಮನೆಗಳಲ್ಲಿ ಮಗ್ಗ ಗುಜರಿಗೆ ಹೋಗಿ ಶೆಡ್ಡು ಗೋಡೌನಾಗಿದೆ. ಹುಡುಗನಿಗೆ ಕೆಲಸವಿದೆಯೆಂದು ತೋರಿಸಲು ನಿಂತ ಮಗ್ಗವನ್ನೇ ಒರೆಸಿ ಇಟ್ಟವರೂ ಇದ್ದಾರೆ. ದುಡಿಯುವ ಮನೆಯನ್ನು ನಾವು ನಾಲ್ಕು ದಿನ ಕಷ್ಟಪಟ್ಟು, ಸೋಪು ಹಾಕಿ ಉಜ್ಜಿ, ಕೆಲಸವಿಲ್ಲದವರ ಮನೆ ಮಾಡಿಟ್ಟಿದ್ದೆವು.

ಎಲ್ಲರೂ ಹಜಾರಕ್ಕೆ ವಾಪಸು ಬಂದು ಕಾಫಿ ಕುಡಿದರು. ಮುದುಕಿ ಕ್ರೋಟನ್ ಗಿಡದ ಹಿಂದಿನ ಬಾಗಿಲು ನೋಡಿ, ‘ಅಲ್ಲೇನಿದೆ?’ ಎಂದರು.

‘ಅದು ಸ್ಟೋರ್ ರೂಮು ಅಮ್ಮ, ಏನಿಲ್ಲ’ ಎಂದಳು ಶಾರದೆ.

ಮೂವತ್ತೈದು ವರ್ಷ ನಾನು ಬಾಳಿದ ಕೋಣೆ ಎರಡು ಪದದಲ್ಲಿ ಮುಗಿದುಹೋಯಿತು. ಶಿವಣ್ಣ ಲೋಟ ಕೆಳಗಿಟ್ಟು ಎದ್ದರು. ‘ಸರಿ ಮೇಷ್ಟ್ರೇ, ಹೊರಡ್ತೀವಿ. ಮನೇಲಿ ಮಾತಾಡಿ ಫೋನ್ ಮಾಡ್ತೀವಿ.’

ಮಂಜು ಬಗ್ಗಿ ಲೋಟಗಳನ್ನು ಒಂದರೊಳಗೊಂದು ಸೇರಿಸತೊಡಗಿದ.

ನನ್ನ ಜೀವನದಲ್ಲಿ ನಾನು ಧೈರ್ಯ ಮಾಡಿದ ಸಂದರ್ಭಗಳು ಕಡಿಮೆ. ಅವನ ಪಿಯುಸಿ ಫಲಿತಾಂಶದ ದಿನ ಏನಾದರೂ ಹೇಳಬೇಕಾಗಿತ್ತು, ಹೇಳಲಿಲ್ಲ. ಈಗ ಎದ್ದೆ. ಕ್ರೋಟನ್ ಕುಂಡವನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿ, ಜೇಬಿನಿಂದ ಬೀಗದ ಕೈ ತೆಗೆದೆ. ‘ರೀ!’ ಎಂದಳು ಶಾರದೆ. ಈ ಸಲ ಗೋಡೆಗಲ್ಲ. ‘ಅಪ್ಪಾ, ಬೇಡ!’ ಎಂದಳು ರಶ್ಮಿ. ಬಾಗಿಲು ತೆರೆದೆ.

ತೆರೆದೆ ಎನ್ನುವುದಕ್ಕಿಂತ ಅದೇ ತೆರೆದುಕೊಂಡಿತು ಎನ್ನಬೇಕು. ಒಳಗಿಂದ ಒತ್ತಿಕೊಂಡು ನಿಂತಿದ್ದ ಗೋಣಿಚೀಲ ಹೊಸಿಲ ಮೇಲೆ ಬಿದ್ದು ಬಾಯಿ ಬಿಚ್ಚಿಕೊಂಡಿತು. ಅದರ ಹಿಂದೆಯೇ ಬುಟ್ಟಿ ಉರುಳಿ, ಬಣ್ಣಬಣ್ಣದ ಕಂಡಿಕೆಗಳು ಹಜಾರದ ತುಂಬ ಓಡಿದವು. ಅವುಗಳ ಜೊತೆ ನನ್ನ ಚೀಟಿಗಳು, ಒಂದು ಒಂಟಿ ಚಪ್ಪಲಿ, ಎರಡು ವರ್ಷದಿಂದ ಮನೆಯವರೆಲ್ಲ ಹುಡುಕುತ್ತಿದ್ದ ಟಾರ್ಚು. ಒಂದು ಲಾಳಿ ಸೀದಾ ಜಾರಿಕೊಂಡು ಹೋಗಿ ಚೌಡಮ್ಮನವರ ಕಾಲ ಬಳಿ ನಿಂತಿತು. ನಿಂಬೆಹಣ್ಣಿನ ಪರಿಮಳವನ್ನು ಮಗ್ಗದೆಣ್ಣೆಯ ವಾಸನೆ ಒಂದು ಕ್ಷಣದಲ್ಲಿ ನುಂಗಿತು. ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ತೆರೆದಾಗ ಮುದುಕಿ ನೆಲದ ಮೇಲೆ ಕೂತಿದ್ದರು. ಗೋಣಿಚೀಲದಿಂದ ಹಿಡಿ ಹಿಡಿಯಾಗಿ ತುಂಡು ದಾರ ತೆಗೆದು, ಮಡಿಲಲ್ಲಿ ಹರಡಿಕೊಂಡು, ಒಂದೊಂದೇ ಬಣ್ಣ ಬಿಡಿಸುತ್ತಿದ್ದರು. ‘ಲೇ ಶಿವಣ್ಣ, ಇಲ್ಲಿ ನೋಡ್ಲಾ’ ಎಂದರು. ‘ಗಿಳಿ ಹಸಿರು ಒಡಲು, ಕೆಂಪು ಅಂಚು. ಅದರ ಕೆಳಗೆ ಈರುಳ್ಳಿ ಬಣ್ಣ, ಅದು ಹಿಂದಿನ ವಾರದ್ದು. ಅದರ ಕೆಳಗೆ ನೇರಳೆ. ಚೀಲದ ತಳದಿಂದ ಬಾಯಿವರೆಗೂ ಬಿಡುವೇ ಇಲ್ಲ ಕಣ್ಲಾ.’ ಆಮೇಲೆ ಕಾಲ ಬಳಿಯ ಲಾಳಿಯನ್ನು ಸವರಿ, ಹೆಬ್ಬೆರಳು ತೋರುಬೆರಳನ್ನು ಉಜ್ಜಿ ಮಗನ ಮೂಗಿನ ಹತ್ತಿರ ಹಿಡಿದರು. ‘ಎಣ್ಣೆ ಕೈಗೆ ಹತ್ತುತ್ತೆ ನೋಡು. ನಿಂತ ಮಗ್ಗದ್ದು ಮುಟ್ಟಿದ್ರೆ ಕೈಗೆ ಧೂಳು ಬರುತ್ತೆ.’

ಶಿವಣ್ಣ ಒಂದು ಕಂಡಿಕೆ ಎತ್ತಿಕೊಂಡು ತಿರುಗಿಸಿ ನೋಡಿದರು. ‘ನನ್ನಮಗಂದು, ಒರಿಜಿನಲ್ ಕೆಲಸಾನ ಬೀಗ ಹಾಕಿಟ್ಟವ್ರೆ’ ಎಂದು ಮೊದಲ ಸಲ ನಕ್ಕರು.

‘ಏನಪ್ಪಾ ಮೇಷ್ಟ್ರೇ’ ಎಂದರು ಮುದುಕಿ, ‘ಇಷ್ಟೊತ್ತು ಇದನ್ನ ಯಾಕೆ ಮುಚ್ಚಿಟ್ಟಿದ್ರಿ? ನಾನು ಈ ಮನೇಲಿ ಒಲೆ ಉರಿಯುತ್ತೋ ಇಲ್ವೋ ಅಂತ ಹೆದರಿಬಿಟ್ಟಿದ್ದೆ.’ ಆಮೇಲೆ ನನ್ನ ಚೀಟಿಗಳನ್ನು ತೋರಿಸಿ, ‘ಇದೇನು?’ ಎಂದರು.

‘ಪುಸ್ತಕ ಬರೀತಾ ಇದೀನಮ್ಮ’ ಎಂದೆ.

‘ಇಷ್ಟೊಂದಾ! ಅಪ್ಪ ಮಗ ಇಬ್ರೂ ದುಡಿಯೋರೇ ಬಿಡು’ ಎಂದರು. ರಶ್ಮಿಗೆ ಜೋರಾಗಿ ಕೆಮ್ಮು ಬಂತು. ಮಂಜು ಕೈಯಲ್ಲಿದ್ದ ಲೋಟಗಳನ್ನು ಮತ್ತೆ ಬಿಡಿಬಿಡಿಯಾಗಿ ಟ್ರೇ ಮೇಲೆ ಇಟ್ಟು, ‘ಅಮ್ಮ, ಇನ್ನೊಂದು ರೌಂಡ್ ಕಾಫಿ’ ಎಂದ. ಅವನ ಧ್ವನಿ ಅಷ್ಟು ಎತ್ತರಕ್ಕೆ ಹೋಗಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ.

ಮದುವೆಯಾಗಿ ಏಳೆಂಟು ತಿಂಗಳಾಯಿತು. ಪವಿತ್ರ ಹಜಾರದ ಒಂದು ಮೂಲೆಯಲ್ಲಿ ಕೂತು ಕುಚ್ಚು ಕಟ್ಟುತ್ತಾಳೆ. ಅವಳ ಸುತ್ತ ನಾಲ್ಕು ಅಡಿ ದಾರದ ರಾಶಿ. ‘ಅತ್ತಿಗೆ, ಎಷ್ಟು ಮೆಸ್ಸಿ’ ಎಂದು ರಶ್ಮಿ ಈಗಲೂ ಅನ್ನುತ್ತಾಳೆ, ಆದರೆ ಮೆಸ್ಸಿ ಬನ್ನಿನ ಮೆಸ್ಸಿಯ ಧಾಟಿಯಲ್ಲಿ. ಶಾರದೆ ಶೆಡ್ಡಿಗೆ ಸೋಪು ಹಾಕುವುದನ್ನು ಬಿಟ್ಟಿದ್ದಾಳೆ. ಇವರೆಲ್ಲರಿಗಿಂತ ಹೆಚ್ಚು ಲಾಭವಾದದ್ದು ನನಗೆ. ನನ್ನ ಕೋಣೆಯ ವಿಷಯಕ್ಕೆ ಯಾರಾದರೂ ಬಾಯಿ ತೆರೆದರೆ ಚೌಡಮ್ಮನವರ ತೀರ್ಪನ್ನು ಎತ್ತಿ ಹಿಡಿಯುತ್ತಿದ್ದೆ. ‘ದುಡಿಯೋ ಮನೆ ಹೀಗೇ ಇರೋದು’ ಎನ್ನುತ್ತಿದ್ದೆ. ನಲವತ್ತು ಮಕ್ಕಳ ಎದುರಿಗೆ ನನ್ನ ಮೇಜು ಅನುಭವಿಸಿದ ಅವಮಾನಕ್ಕೆ ಕೊನೆಗೂ ನ್ಯಾಯ ಸಿಕ್ಕಿತೆಂದು ಬೀಗುತ್ತಿದ್ದೆ.

ಹೋದ ವಾರ ಪವಿತ್ರ ಕಾಫಿ ತಂದಳು. ಲೋಟ ಇಡಲು ಜಾಗ ಹುಡುಕುತ್ತಾ, ಮೇಜಿನ ಮೇಲಿಂದ ಒಂದು ಚೀಟಿ ಎತ್ತಿಕೊಂಡಳು. ‘ಮೆಸ್ಸಿ’ ಎಂಬ ಚೀಟಿ. ಓದಲಿಲ್ಲ, ಬೆರಳಿಂದ ಸವರಿದಳು. ಆಮೇಲೆ ಅದರ ಕೆಳಗಿನದು, ಅದರ ಕೆಳಗಿನದು. ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ ಉಜ್ಜಿ ನೋಡಿಕೊಂಡಳು. ಆ ಉಜ್ಜುವ ರೀತಿಯನ್ನು ನಾನು ಮೊದಲೇ ನೋಡಿದ್ದೆ.

‘ಮಾವ’ ಎಂದಳು, ಬಹಳ ಮರ್ಯಾದೆಯಿಂದ, ‘ಧೂಳು ಬರ್ತಿದೆ.’

ಕಾಫಿ ಇಟ್ಟು ಹೋದಳು. ಅವಳು ಇದನ್ನು ಮನೆಯವರಿಗೆ ಯಾರಿಗೂ ಹೇಳಿಲ್ಲ. ಅದು ಆ ಹುಡುಗಿಯ ದೊಡ್ಡ ಗುಣ. ಅವತ್ತು ಕಾಫಿ ಸೇರಲಿಲ್ಲ.

ಮಾರನೆಯ ಬೆಳಗ್ಗೆ ಅವಳು ಬರುವ ಮೊದಲೇ ಎದ್ದು, ಒಂದು ಒದ್ದೆ ಬಟ್ಟೆ ತಂದು, ಚೀಟಿಗಳನ್ನು ಒಂದೊಂದಾಗಿ ಒರೆಸತೊಡಗಿದೆ. ಅರ್ಧ ಕಟ್ಟು ಮುಗಿಸಿ, ನಿಂಬೆ ಫಿನಾಯಿಲಿನ ಬಾಟಲಿ ಎಲ್ಲಿದೆಯೆಂದು ಯೋಚಿಸುತ್ತಿದ್ದಾಗ, ನಾನು ಮಾಡುತ್ತಿರುವುದೇನೆಂದು ಹೊಳೆಯಿತು. ಬಟ್ಟೆಯನ್ನು ಕುರ್ಚಿಯ ಮೇಲೆ ಹಾಕಿ, ‘ಮೆಸ್ಸಿ’ ಚೀಟಿಯನ್ನು ಎದುರಿಗೆ ಇಟ್ಟುಕೊಂಡೆ. ಐದು ವರ್ಷದ ಯೋಚನೆಯೆಲ್ಲ ಇವತ್ತು ಬರೆದು ಮುಗಿಸಿಯೇ ಬಿಡುತ್ತೇನೆಂದು ಕೈ ಚಾಚಿದೆ.

ಪೆನ್ನು ಇನ್ನೂ ಸಿಕ್ಕಿಲ್ಲ. ಈ ಬರಹವನ್ನು ಮಂಜು ಸೀರೆಗೆ ಗುರುತು ಹಾಕುವ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಮಧ್ಯಾಹ್ನದೊಳಗೆ ವಾಪಸು ಬೇಕಂತೆ, ಅವನಿಗೆ ಕೆಲಸವಿದೆ.